ಮೆಗಾವ್ಯಾಟ್‌ನಿಂದ ಪಿಕೋವ್ಯಾಟ್‌ವರೆಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಚಿಕ್ಕಮಗಳೂರಿನಲ್ಲಿ ಮೋಟರ್, ವೈರಿಂಗ್, ಸೋಲಾರ್ ಕೆಲಸದ ನಡುವೆ ಜನ ಕೇಳಿದ್ದು, ಹಾಸನದ ಡಿಪ್ಲೊಮಾ ಮಕ್ಕಳು ಬರೆದು ಕೇಳಿದ್ದು, ತೋಟದವರು ಫೋನ್ ಮಾಡಿ ಕೇಳಿದ್ದು, ಎಲ್ಲವನ್ನೂ ಒಂದೆಡೆ ಸೇರಿಸಿದ್ದೇನೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರ ಹೋಗಿ ಓದಿದರೂ ಅರ್ಥವಾಗುತ್ತದೆ.

## ಶುರುವಿನ ಪ್ರಶ್ನೆಗಳು

ವ್ಯಾಟ್ ಅಂದ್ರೆ ಕರೆಂಟಾ, ವೋಲ್ಟಾ? ಏನದು ಸರ್?

ಎರಡೂ ಅಲ್ಲ. ಕೆಲಸ ಎಷ್ಟು ಬೇಗ ನಡೆಯುತ್ತಿದೆ ಎಂಬುದರ ಅಳತೆ ವ್ಯಾಟ್. ಒಂದು ಸೆಕೆಂಡಿಗೆ ಒಂದು ಜೂಲ್ ಶಕ್ತಿ ಖರ್ಚಾದರೆ ಅದು 1 ವ್ಯಾಟ್.

50 ಕಿಲೋ ಕಾಫಿ ಮೂಟೆಯನ್ನು ನೆಲದಿಂದ ಒಂದೂವರೆ ಮೀಟರ್ ಎತ್ತಿ ಲಾರಿಗೆ ಹಾಕುವುದನ್ನು ನೋಡಿ. 50 × 9.8 × 1.5 ಅಂದರೆ 735 ಜೂಲ್ ಕೆಲಸ. ಅದನ್ನು 3 ಸೆಕೆಂಡಿನಲ್ಲಿ ಮುಗಿಸಿದರೆ 735 ÷ 3 = 245 ವ್ಯಾಟ್. ಅದೇ ಮೂಟೆಯನ್ನು ಆರಾಮಾಗಿ 6 ಸೆಕೆಂಡ್ ತೆಗೆದುಕೊಂಡು ಎತ್ತಿದರೆ ಸುಮಾರು 122 ವ್ಯಾಟ್. ಮೂಟೆ ಅದೇ, ಎತ್ತರ ಅದೇ, ಕೆಲಸವೂ ಅಷ್ಟೇ. ಬದಲಾದದ್ದು ವೇಗ ಮಾತ್ರ.

ಕರೆಂಟಿನ ಲೆಕ್ಕದಲ್ಲಿ ವೋಲ್ಟನ್ನು ಆಂಪಿಯರ್‌ನಿಂದ ಗುಣಿಸಿದರೆ ವ್ಯಾಟ್ ಬರುತ್ತದೆ. 230 ವೋಲ್ಟಿನಲ್ಲಿ 8.7 ಆಂಪಿಯರ್ ಎಳೆಯುವ ಗೀಸರ್ ಸುಮಾರು 2,000 ವ್ಯಾಟಿನದು. ಈ ಹೆಸರು ಸ್ಕಾಟ್ಲೆಂಡಿನ ಜೇಮ್ಸ್ ವ್ಯಾಟ್ (1736–1819) ಅವರದ್ದು. ಉಗಿ ಯಂತ್ರವನ್ನು ಸುಧಾರಿಸಿದವರು ಅವರು.

ಕಿಲೋ, ಮೆಗಾ, ಗಿಗಾ, ಮಿಲಿ, ಮೈಕ್ರೋ... ಇಷ್ಟೆಲ್ಲ ನೆನಪಿಡೋದು ಹೇಗೆ?

ಒಂದೇ ವಿಷಯ ನೆನಪಿಟ್ಟರೆ ಸಾಕು: ಪ್ರತಿ ಮೆಟ್ಟಿಲಿಗೂ ಮೂರು ಸೊನ್ನೆ.

ಮೇಲಕ್ಕೆ ಹತ್ತುವಾಗ 1,000 ವ್ಯಾಟ್ ಸೇರಿ 1 ಕಿಲೋವ್ಯಾಟ್, 1,000 ಕಿಲೋವ್ಯಾಟ್ ಸೇರಿ 1 ಮೆಗಾವ್ಯಾಟ್, 1,000 ಮೆಗಾವ್ಯಾಟ್ ಸೇರಿ 1 ಗಿಗಾವ್ಯಾಟ್, 1,000 ಗಿಗಾವ್ಯಾಟ್ ಸೇರಿ 1 ಟೆರಾವ್ಯಾಟ್. ಕೆಳಕ್ಕೆ ಇಳಿಯುವಾಗಲೂ ಹಾಗೇ. 1 ವ್ಯಾಟ್ ಅಂದರೆ 1,000 ಮಿಲಿವ್ಯಾಟ್, 1 ಮಿಲಿವ್ಯಾಟ್ ಅಂದರೆ 1,000 ಮೈಕ್ರೋವ್ಯಾಟ್. ಅದರ ಕೆಳಗೆ ನ್ಯಾನೋ, ಅದರ ಕೆಳಗೆ ಪಿಕೋ, ಅದಕ್ಕೂ ಕೆಳಗೆ ಫೆಮ್ಟೋ.

ಬರೀ ಹೆಸರು ಬಾಯಿಪಾಠ ಮಾಡಿದರೆ ಪರೀಕ್ಷೆ ಮುಗಿದ ಮರುದಿನ ಮರೆಯುತ್ತದೆ. ಪ್ರತಿ ಮೆಟ್ಟಿಲಿಗೂ ಒಂದು ವಸ್ತುವನ್ನು ಗಂಟು ಹಾಕಿಕೊಳ್ಳಿ. ಎಲ್‌ಇಡಿ ಬಲ್ಬು 9 ವ್ಯಾಟ್. ಗೀಸರ್ 2 ಕಿಲೋವ್ಯಾಟ್. ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ವಿದ್ಯುದಾಗಾರ ಸುಮಾರು 39 ಮೆಗಾವ್ಯಾಟ್. ಶರಾವತಿ ವಿದ್ಯುದಾಗಾರ 1,035 ಮೆಗಾವ್ಯಾಟ್, ಅಂದರೆ ಗಿಗಾವ್ಯಾಟಿನ ಮೆಟ್ಟಿಲು ದಾಟಿದ್ದು. ಕೆಳಗಡೆಗೆ ಬಂದರೆ, ಪಾಠ ಮಾಡುವಾಗ ಬಳಸುವ ಲೇಸರ್ ಪಾಯಿಂಟರ್ ಕೆಲವೇ ಮಿಲಿವ್ಯಾಟ್. ಹೃದಯಕ್ಕೆ ಅಳವಡಿಸುವ ಪೇಸ್‌ಮೇಕರ್ ಕೆಲವು ಹತ್ತು ಮೈಕ್ರೋವ್ಯಾಟಿನಲ್ಲಿ ವರ್ಷಗಟ್ಟಲೆ ನಡೆಯುತ್ತದೆ.

ನಮಗೆ ಲಕ್ಷ, ಕೋಟಿ ಗೊತ್ತು. ಮೆಗಾ, ಗಿಗಾ ಅದರಲ್ಲಿ ಎಷ್ಟು?

ಕಿಲೋ ಅಂದರೆ ಸಾವಿರ. ಮೆಗಾ ಅಂದರೆ ಹತ್ತು ಲಕ್ಷ. ಗಿಗಾ ಅಂದರೆ ನೂರು ಕೋಟಿ. ಟೆರಾ ಅಂದರೆ ಒಂದು ಲಕ್ಷ ಕೋಟಿ.

ನಮ್ಮಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ಸಾವಿರ ದಾಟಿದ ಮೇಲೆ ನಾವು ಎರಡೆರಡು ಅಂಕಿಗೆ ಅಲ್ಪವಿರಾಮ ಹಾಕುತ್ತೇವೆ: 25,00,000. ವ್ಯಾಟಿನ ಮೆಟ್ಟಿಲುಗಳು ಮೂರು ಮೂರು ಅಂಕಿಯವು. ಹೀಗಾಗಿ ಒಂದು ಲಕ್ಷ ವ್ಯಾಟಿಗೆ ತನ್ನದೇ ಮೆಟ್ಟಿಲು ಇಲ್ಲ, ಅದು 100 ಕಿಲೋವ್ಯಾಟ್. ಒಂದು ಕೋಟಿ ವ್ಯಾಟ್ ಅಂದರೆ 10 ಮೆಗಾವ್ಯಾಟ್. 25 ಲಕ್ಷ ವ್ಯಾಟ್ ಅಂದರೆ 2.5 ಮೆಗಾವ್ಯಾಟ್.

ಲೆಕ್ಕಕ್ಕೆ ಕೂರುವ ಮೊದಲು ಸಂಖ್ಯೆಯ ಅಲ್ಪವಿರಾಮಗಳನ್ನೆಲ್ಲ ತೆಗೆದು, ಬಲಗಡೆಯಿಂದ ಮೂರು ಮೂರು ಅಂಕಿಗೆ ಗೆರೆ ಎಳೆಯಿರಿ. 2 | 500 | 000. ಒಂದು ಗೆರೆ ದಾಟಿದರೆ ಕಿಲೋ, ಎರಡು ದಾಟಿದರೆ ಮೆಗಾ. ಪೆನ್ಸಿಲ್ ಇದ್ದರೆ ಸಾಕು, ಕ್ಯಾಲ್ಕುಲೇಟರ್ ಬೇಡ.

ಗುಣಿಸಬೇಕಾ, ಭಾಗಿಸಬೇಕಾ? ಪ್ರತಿ ಸಲವೂ ಗೊಂದಲ.

ಅಳತೆ ದೊಡ್ಡದಾದರೆ ಸಂಖ್ಯೆ ಸಣ್ಣದಾಗಬೇಕು. ಅಳತೆ ಸಣ್ಣದಾದರೆ ಸಂಖ್ಯೆ ದೊಡ್ಡದಾಗಬೇಕು. ಹತ್ತು ಸಾವಿರ ರೂಪಾಯಿಯನ್ನು 500ರ ನೋಟಿನಲ್ಲಿ ಕೊಟ್ಟರೆ 20 ನೋಟು, 10ರ ನೋಟಿನಲ್ಲಿ ಕೊಟ್ಟರೆ 1,000 ನೋಟು. ದುಡ್ಡು ಅಷ್ಟೇ ಅಲ್ವಾ?

750 ವ್ಯಾಟ್ ಮಿಕ್ಸಿಯನ್ನು ಕಿಲೋವ್ಯಾಟಿನಲ್ಲಿ ಹೇಳಬೇಕಾದರೆ ಅಳತೆ ದೊಡ್ಡದಾಗುತ್ತಿದೆ. ಹಾಗಾದರೆ ಸಂಖ್ಯೆ ಸಣ್ಣದಾಗಬೇಕು: 750 ÷ 1,000 = 0.75 ಕಿಲೋವ್ಯಾಟ್. ಯಾರಾದರೂ 7,50,000 ಕಿಲೋವ್ಯಾಟ್ ಎಂದು ಬರೆದರೆ ಆ ಮಿಕ್ಸಿಗೆ ಒಂದು ಇಡೀ ವಿದ್ಯುತ್ ಸ್ಥಾವರವೇ ಬೇಕು. ಉತ್ತರ ಬಂದ ಕೂಡಲೇ ಆ ವಸ್ತುವನ್ನು ಕಣ್ಣ ಮುಂದೆ ತಂದುಕೊಂಡು ನೋಡಿ. ಸೂತ್ರ ಕೈಕೊಟ್ಟರೂ ಇದು ಕಾಪಾಡುತ್ತದೆ.

ಎರಡು ಮೂರು ಮೆಟ್ಟಿಲು ಒಂದೇ ಸಲ ಹಾರಬೇಕಾದರೆ?

ಹಾರಬೇಡಿ. ಮೊದಲು ವ್ಯಾಟಿಗೆ ಬನ್ನಿ, ಅಲ್ಲಿಂದ ಬೇಕಾದ ಕಡೆಗೆ ಹೋಗಿ. 0.0025 ಮೆಗಾವ್ಯಾಟ್ ಎಷ್ಟು? ಹತ್ತು ಲಕ್ಷದಿಂದ ಗುಣಿಸಿ: 2,500 ವ್ಯಾಟ್. ಅಲ್ಲಿಂದ ಕಿಲೋವ್ಯಾಟಿಗೆ 2.5, ಮಿಲಿವ್ಯಾಟಿಗೆ 25,00,000. ಇನ್ನೊಂದು: 350 ಮೈಕ್ರೋವ್ಯಾಟನ್ನು ಕಿಲೋವ್ಯಾಟ್ ಮಾಡಬೇಕು. ವ್ಯಾಟಿಗೆ ಬಂದರೆ 0.00035, ಕಿಲೋವ್ಯಾಟಿಗೆ 0.00000035.

ಹೀಗೆ ಸೊನ್ನೆ ಬೆಳೆಯುತ್ತಾ ಹೋದರೆ ಲೆಕ್ಕ ತಪ್ಪಿದೆ ಅಂತಲ್ಲ, ಆರಿಸಿದ ಅಳತೆ ತಪ್ಪು ಅಂತ. ಸಂಖ್ಯೆ 1ರಿಂದ 999ರ ಒಳಗೆ ಬರುವಂಥ ಅಳತೆ ಆರಿಸುವುದು ಒಳ್ಳೆಯ ಅಭ್ಯಾಸ. ಓದುವವರಿಗೂ ಸುಲಭ, ಬರೆಯುವಾಗ ಸೊನ್ನೆ ಬಿಟ್ಟುಹೋಗುವ ಭಯವೂ ಇಲ್ಲ.

ಎಂ ಡಬ್ಲ್ಯು ಅಂತ ಬರೆದಿದೆ. ಮಿಲಿನಾ, ಮೆಗಾನಾ?

ಇಂಗ್ಲಿಷಿನ ಸಣ್ಣ ಎಂ ಇದ್ದರೆ ಮಿಲಿ, ದೊಡ್ಡ ಎಂ ಇದ್ದರೆ ಮೆಗಾ. ಎರಡರ ನಡುವೆ ನೂರು ಕೋಟಿ ಪಟ್ಟು ವ್ಯತ್ಯಾಸ. ಕನ್ನಡದಲ್ಲಿ ಮಿ.ವ್ಯಾ., ಮೆ.ವ್ಯಾ. ಎಂದು ಬರೆದಾಗಲೂ ಇದೇ ಅಪಾಯ, ಒಂದು ಗುಣಿತ ಅಳಿಸಿಹೋದರೆ ಅರ್ಥವೇ ಬದಲು. ಕೊಟೇಶನ್ನಿನಲ್ಲಿ, ಉತ್ತರ ಪತ್ರಿಕೆಯಲ್ಲಿ ಪೂರ್ತಿ ಪದ ಬರೆಯಿರಿ.

## ಮನೆ, ತೋಟ, ಬಿಲ್

ಬಿಲ್ಲಿನಲ್ಲಿ ಕಿಲೋವ್ಯಾಟ್ ಅಂತನೂ ಇದೆ, ಯೂನಿಟ್ ಅಂತನೂ ಇದೆ. ಎರಡೂ ಒಂದೇ ತಾನೇ?

ಅಲ್ಲ. ಚಿಕ್ಕಮಗಳೂರಿನ ಮೆಸ್ಕಾಂ ಬಿಲ್ ಆಗಲಿ, ಹಾಸನದ ಸೆಸ್ಕ್ ಬಿಲ್ ಆಗಲಿ, ಎರಡರಲ್ಲೂ ಈ ಎರಡು ಸಂಖ್ಯೆ ಬೇರೆ ಬೇರೆ ಕಡೆ ಇರುತ್ತವೆ. ಮಂಜೂರಾದ ಲೋಡ್ ಕಿಲೋವ್ಯಾಟಿನಲ್ಲಿ ಇರುತ್ತದೆ. ನೀವು ಒಂದೇ ಹೊತ್ತಿಗೆ ಎಷ್ಟು ಎಳೆಯಬಹುದು ಎಂಬುದು ಅದು. ನಿಗದಿತ ಶುಲ್ಕ ಅದರ ಮೇಲೆ ಬೀಳುತ್ತದೆ. ಯೂನಿಟ್ ಅಂದರೆ ಕಿಲೋವ್ಯಾಟ್ ಗಂಟೆ, ತಿಂಗಳಿಡೀ ಒಟ್ಟು ಎಷ್ಟು ಖರ್ಚಾಯಿತು ಎಂಬುದು.

ಕಿಲೋವ್ಯಾಟನ್ನು ಗಂಟೆಯಿಂದ ಗುಣಿಸಿದರೆ ಯೂನಿಟ್. 2 ಕಿಲೋವ್ಯಾಟ್ ಗೀಸರ್ ಅರ್ಧ ಗಂಟೆ ಉರಿದರೆ 1 ಯೂನಿಟ್. 9 ವ್ಯಾಟ್ ಬಲ್ಬು ಅದೇ 1 ಯೂನಿಟ್ ಮುಗಿಸಲು ಸುಮಾರು 111 ಗಂಟೆ ಬೇಕು. ಮಳೆಗಾಲದಲ್ಲಿ ಬಿಸಿನೀರು ಜಾಸ್ತಿ ಬಳಸಿ, ಬಿಲ್ ಏರಿತು ಎಂದು ಲೈಟಿನ ಮೇಲೆ ಸಿಟ್ಟಾಗುವವರಿಗೆ ನಾನು ಈ ಲೆಕ್ಕವನ್ನೇ ತೋರಿಸುತ್ತೇನೆ.

ಗೃಹಜ್ಯೋತಿಯ 200 ಯೂನಿಟ್ ಮಿತಿಯನ್ನೂ ಹೀಗೇ ನೋಡಬಹುದು. ತಿಂಗಳಿಗೆ 720 ಗಂಟೆ. 200 ÷ 720 = 0.278 ಕಿಲೋವ್ಯಾಟ್, ಅಂದರೆ 278 ವ್ಯಾಟ್. ಹಗಲು ರಾತ್ರಿ ಸೇರಿಸಿ ಸರಾಸರಿ ಅಷ್ಟರೊಳಗೆ ಇದ್ದರೆ ಮಿತಿ ದಾಟುವುದಿಲ್ಲ.

ಕೆಲವರು 'ಕಿಲೋವ್ಯಾಟ್ ಪ್ರತಿ ಗಂಟೆಗೆ' ಎಂದು ಬರೆಯುತ್ತಾರೆ. ಅದು ಭಾಗಾಕಾರ ಆಯಿತು, ಅರ್ಥ ಕೆಡುತ್ತದೆ. ಕಿಲೋವ್ಯಾಟ್ ಗಂಟೆ ಎನ್ನಿ, ಇಲ್ಲವೇ ಸುಮ್ನೆ ಯೂನಿಟ್ ಎನ್ನಿ.

ನಮ್ಮ ಮನೆ ಲೋಡ್ ಎಷ್ಟು ಕಿಲೋವ್ಯಾಟ್ ಅಂತ ನಾವೇ ಲೆಕ್ಕ ಹಾಕಬಹುದಾ?

ಖಂಡಿತ. ಎಲ್ಲವನ್ನೂ ಮೊದಲು ವ್ಯಾಟಿಗೆ ತಂದು ಕೂಡಿ, ಕೊನೆಯಲ್ಲಿ ಒಂದೇ ಸಲ ಸಾವಿರದಿಂದ ಭಾಗಿಸಿ. ಎಂಟು ಬಲ್ಬು 72, ಮೂರು ಫ್ಯಾನು 225, ಟಿವಿ 100, ಫ್ರಿಜ್ಜು 150, ಮಿಕ್ಸಿ 750, ಇಸ್ತ್ರಿ ಪೆಟ್ಟಿಗೆ 1,000, ಗೀಸರ್ 2,000, ಒಂದು ಎಚ್‌ಪಿ ನೀರಿನ ಮೋಟರ್ 746. ಒಟ್ಟು 5,043 ವ್ಯಾಟ್, ಅಂದರೆ 5 ಕಿಲೋವ್ಯಾಟಿಗಿಂತ ಚೂರು ಹೆಚ್ಚು.

ಎಲ್ಲವೂ ಒಟ್ಟಿಗೆ ಓಡುವುದಿಲ್ಲ ನಿಜ. ಆದರೆ ಬೆಳಗ್ಗೆ ಆರೂವರೆಗೆ ಗೀಸರ್, ಮಿಕ್ಸಿ, ಮೋಟರ್ ಒಟ್ಟಿಗೆ ಹಾಕುವ ಮನೆಗಳು ಎಷ್ಟೋ ಇವೆ. ಆ ಮೂರೇ ಸೇರಿ ಸುಮಾರು 3.5 ಕಿಲೋವ್ಯಾಟ್. ಮಂಜೂರಾದ ಲೋಡ್ 2 ಕಿಲೋವ್ಯಾಟ್ ಇದ್ದರೆ ಯೋಚಿಸಬೇಕಾದ್ದೇ.

5 ಎಚ್‌ಪಿ ಮೋಟರ್ ಅಂದ್ರೆ ಎಷ್ಟು ಕಿಲೋವ್ಯಾಟ್ ಅಣ್ಣ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಒಂದು ಎಚ್‌ಪಿಗೆ 746 ವ್ಯಾಟ್ ಹಿಡಿದರೆ 5 × 746 = 3,730 ವ್ಯಾಟ್, ಅಂದರೆ 3.73 ಕಿಲೋವ್ಯಾಟ್. ಮೋಟರ್ ಮೈಮೇಲಿನ ನೇಮ್ ಪ್ಲೇಟ್ ಒರೆಸಿ ನೋಡಿ, 3.7 ಎಂದು ಅಚ್ಚಾಗಿರುತ್ತದೆ. 1 ಎಚ್‌ಪಿಗೆ 0.75, 3 ಎಚ್‌ಪಿಗೆ 2.2, 7.5 ಎಚ್‌ಪಿಗೆ 5.5, 10 ಎಚ್‌ಪಿಗೆ 7.5 ಎಂದು ಕಾಣುತ್ತದೆ. ಇವು ಮೋಟರ್ ತಯಾರಕರ ನಿಗದಿತ ಗಾತ್ರಗಳು, ಲೆಕ್ಕದ ಉತ್ತರವನ್ನು ಹತ್ತಿರದ ಸಂಖ್ಯೆಗೆ ತಂದದ್ದು. ಕೃಷಿ ಪಂಪ್‌ಸೆಟ್ಟಿಗೆ ರಾಜ್ಯದಲ್ಲಿ ಉಚಿತ ವಿದ್ಯುತ್ ಸಿಗುವ 10 ಎಚ್‌ಪಿ ಮಿತಿಯೂ ಹೀಗೆ ಸುಮಾರು ಏಳೂವರೆ ಕಿಲೋವ್ಯಾಟ್.

ಒಬ್ಬೊಬ್ಬರು ಒಂದೊಂದು ಹೇಳುವುದಕ್ಕೆ ಇನ್ನೊಂದು ಕಾರಣವೂ ಇದೆ. ಎಚ್‌ಪಿಯಲ್ಲಿ ಎರಡು ಬಗೆ. ಬ್ರಿಟಿಷರ ಎಚ್‌ಪಿ 745.7 ವ್ಯಾಟ್. ಮೆಟ್ರಿಕ್ ಎಚ್‌ಪಿ 735.5 ವ್ಯಾಟ್, 75 ಕಿಲೋ ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತುವ ಸಾಮರ್ಥ್ಯ. ಕಾರಿನ ಕಾಗದಗಳಲ್ಲಿ ಪಿ.ಎಸ್. ಎಂದು ಬರೆದಿರುವುದು ಈ ಎರಡನೆಯದು. 5 ಎಚ್‌ಪಿಗೆ ಇದರಿಂದ ಬರುವ ವ್ಯತ್ಯಾಸ ಬರೀ 51 ವ್ಯಾಟ್, ತೋಟದ ಕೆಲಸಕ್ಕೆ ಲೆಕ್ಕಕ್ಕಿಲ್ಲ.

ಆದರೆ ಒಂದು ವಿಷಯ ಲೆಕ್ಕಕ್ಕಿದೆ. ನೇಮ್ ಪ್ಲೇಟಿನ ಕಿಲೋವ್ಯಾಟ್ ಮೋಟರಿನ ಶಾಫ್ಟಿನಿಂದ ಹೊರಬರುವ ಶಕ್ತಿ. ಲೈನಿನಿಂದ ಅದು ಎಳೆಯುವುದು ಇದಕ್ಕಿಂತ ಜಾಸ್ತಿ. ಮೋಟರಿನ ದಕ್ಷತೆ ನೂರಕ್ಕೆ 80 ಎಂದುಕೊಂಡರೆ 3.7 ÷ 0.8 = ಸುಮಾರು 4.6 ಕಿಲೋವ್ಯಾಟ್. ಆರು ಗಂಟೆ ಓಡಿಸಿದರೆ 28 ಯೂನಿಟ್ ಹತ್ತಿರ. 3.7ರಿಂದ ಲೆಕ್ಕ ಹಾಕಿದವರಿಗೆ 22 ಮಾತ್ರ ಬರುತ್ತದೆ. ಮೀಟರ್ ಓಡುವುದು 28ಕ್ಕೆ. ಮೀಟರ್ ತಪ್ಪು ತೋರಿಸುತ್ತಿದೆ ಎಂದು ದೂರು ಕೊಡುವ ಮೊದಲು ಈ ಭಾಗಾಕಾರ ಮಾಡಿ ನೋಡಿ.

ನಮ್ಮ ಟಿಸಿ 25 ಕೆವಿಎ. ಅದಕ್ಕೆ ಎಷ್ಟು ಮೋಟರ್ ಹಾಕಬಹುದು?

ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್, ಕೆವಿಎ ಅದರ ಸಾಮರ್ಥ್ಯದ ಅಳತೆ. ಕೆವಿಎ ಪೂರ್ತಿಯಾಗಿ ಕಿಲೋವ್ಯಾಟ್ ಆಗುವುದಿಲ್ಲ. ಪವರ್ ಫ್ಯಾಕ್ಟರ್‌ನಿಂದ, ಅಂದರೆ ಅದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲಿನಿಂದ, ಗುಣಿಸಬೇಕು. ಪಂಪ್‌ಸೆಟ್ಟುಗಳಿಗೆ 0.85 ಹಿಡಿದರೆ 25 × 0.85 = ಸುಮಾರು 21 ಕಿಲೋವ್ಯಾಟ್. 5 ಎಚ್‌ಪಿ ಮೋಟರ್ ಒಂದಕ್ಕೆ ಲೈನಿನಿಂದ 4.6 ಕಿಲೋವ್ಯಾಟ್ ಬೇಕು. ನಾಲ್ಕು ಮೋಟರಿಗೆ 18.4, ಸರಿಹೋಗುತ್ತದೆ. ಐದಕ್ಕೆ 23, ಮೀರುತ್ತದೆ. ಜೊತೆಗೆ ಮೋಟರ್ ಶುರುವಾಗುವ ಕ್ಷಣದಲ್ಲಿ ಹಲವು ಪಟ್ಟು ಕರೆಂಟ್ ಎಳೆಯುತ್ತದೆ.

ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ನೀರು ಕೊಡುವ ಹೊತ್ತಿಗೆ ಎಲ್ಲರೂ ಒಟ್ಟಿಗೆ ಸ್ವಿಚ್ ಹಾಕುತ್ತಾರೆ. ಟಿಸಿ ಸುಡುವುದು ಆಗಲೇ. ಅಕ್ಕಪಕ್ಕದ ತೋಟದವರು ಮಾತಾಡಿಕೊಂಡು ಸರದಿ ಮಾಡಿಕೊಂಡರೆ ಎಲ್ಲರಿಗೂ ನೀರು ಸಿಗುತ್ತದೆ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಪಂಪ್‌ಹೌಸಿನಲ್ಲಿ ಅಂಟಿಸಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

3 ಕಿಲೋವ್ಯಾಟ್ ಸೋಲಾರ್‌ಗೆ ಎಷ್ಟು ಪ್ಯಾನಲ್ ಬೇಕು? ದಿನಕ್ಕೆ 3 ಕಿಲೋವ್ಯಾಟ್ ಬರುತ್ತಾ?

3 ಕಿಲೋವ್ಯಾಟ್ ಅಂದರೆ 3,000 ವ್ಯಾಟ್. 540 ವ್ಯಾಟಿನ ಪ್ಯಾನಲ್ ಆದರೆ 3,000 ÷ 540 = 5.6, ಹಾಗಾಗಿ ಆರು ಪ್ಯಾನಲ್. ಆರು ಸೇರಿ 3.24 ಕಿಲೋವ್ಯಾಟ್. ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2 ಕಿಲೋವ್ಯಾಟಿಗೆ 60,000, 3 ಮತ್ತು ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಹಾಯಧನ ಎಂದು 2024ರಲ್ಲಿ ನಿಗದಿಯಾಯಿತು.

'ದಿನಕ್ಕೆ 3 ಕಿಲೋವ್ಯಾಟ್' ಎಂಬ ಮಾತಿಗೆ ಅರ್ಥವಿಲ್ಲ. ಪ್ಯಾನಲಿನ ಮೇಲೆ ಬರೆದ ವ್ಯಾಟ್, ಚದರ ಮೀಟರಿಗೆ 1,000 ವ್ಯಾಟ್ ಬಿಸಿಲು ಬಿದ್ದಾಗ ಬರುವ ಗರಿಷ್ಠ ಶಕ್ತಿ. ದಿನದ ಲೆಕ್ಕ ಯೂನಿಟ್ಟಿನಲ್ಲಿ. ಒಳ್ಳೆ ಬಿಸಿಲಿನ ದಿನ ಒಂದು ಕಿಲೋವ್ಯಾಟಿಗೆ ಸುಮಾರು 4 ಯೂನಿಟ್ ಬರುತ್ತದೆ, 3 ಕಿಲೋವ್ಯಾಟಿಗೆ 12. ಕಡೂರು, ಅರಸೀಕೆರೆ ಕಡೆಯ ಬಯಲಿನಲ್ಲಿ ಈ ಲೆಕ್ಕ ನಂಬಬಹುದು. ಶೃಂಗೇರಿ, ಮೂಡಿಗೆರೆಯಲ್ಲಿ ಜುಲೈ ತಿಂಗಳಿಗೆ ಇದನ್ನು ನಂಬಿ ಸಾಲ ಮಾಡಬೇಡಿ. ವರ್ಷದ ಸರಾಸರಿ ಕೇಳಿ ಪಡೆಯಿರಿ.

ತೋಟದಲ್ಲಿ ಹಳ್ಳ ಇದೆ. ಅದರಿಂದ ಎಷ್ಟು ವ್ಯಾಟ್ ತೆಗೆಯಬಹುದು?

ಇದು ನನಗೆ ತುಂಬ ಇಷ್ಟವಾದ ಪ್ರಶ್ನೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಸಣ್ಣ ಟರ್ಬೈನ್ ಇಟ್ಟು ಬೆಳಕು ಮಾಡಿಕೊಂಡಿದ್ದಾರೆ. ಬೇಕಾಗಿರುವುದು ಎರಡು ಅಳತೆ: ಸೆಕೆಂಡಿಗೆ ಎಷ್ಟು ಲೀಟರ್ ನೀರು, ಎಷ್ಟು ಮೀಟರ್ ಎತ್ತರದಿಂದ.

ಒಂದು ಲೀಟರ್ ನೀರು ಒಂದು ಕಿಲೋ ತೂಗುವುದರಿಂದ ಲೆಕ್ಕ ಸಲೀಸು. ಲೀಟರ್ × ಎತ್ತರ × 9.8 ಮಾಡಿದರೆ ನೇರ ವ್ಯಾಟಿನಲ್ಲೇ ಉತ್ತರ ಬರುತ್ತದೆ. ಸೆಕೆಂಡಿಗೆ 10 ಲೀಟರ್, 20 ಮೀಟರ್ ಎತ್ತರ: 10 × 20 × 9.8 = 1,960 ವ್ಯಾಟ್. ಪೈಪಿನ ಉಜ್ಜಾಟ, ಟರ್ಬೈನು, ಜನರೇಟರು ಎಲ್ಲ ಸೇರಿ ಅರ್ಧದಷ್ಟು ಕಳೆದುಹೋಗುತ್ತದೆ ಎಂದುಕೊಳ್ಳಿ. ಕೈಗೆ ಸಿಗುವುದು ಸುಮಾರು 1 ಕಿಲೋವ್ಯಾಟ್. ಕಡಿಮೆ ಅನ್ನಿಸಬಹುದು. ಆದರೆ ಹಳ್ಳ ರಾತ್ರಿಯೂ ಹರಿಯುತ್ತದೆ. 1 ಕಿಲೋವ್ಯಾಟ್ 24 ಗಂಟೆ ಓಡಿದರೆ 24 ಯೂನಿಟ್, 3 ಕಿಲೋವ್ಯಾಟ್ ಸೋಲಾರ್ ಒಳ್ಳೆ ಬಿಸಿಲಿನಲ್ಲಿ ಕೊಡುವುದರ ಎರಡರಷ್ಟು. ಅದೂ ಸೋಲಾರ್ ಕೈಕೊಡುವ ಮಳೆಗಾಲದಲ್ಲೇ.

ನೀರನ್ನು ಅಳೆಯಲು 20 ಲೀಟರ್ ಬಕೆಟ್ಟು, ಮೊಬೈಲಿನ ಸ್ಟಾಪ್‌ವಾಚು ಸಾಕು. ಬಕೆಟ್ಟು 2 ಸೆಕೆಂಡಿನಲ್ಲಿ ತುಂಬಿದರೆ ಸೆಕೆಂಡಿಗೆ 10 ಲೀಟರ್. ಏಪ್ರಿಲ್ಲಿನಲ್ಲೂ ಒಮ್ಮೆ ಅಳೆಯಿರಿ.

ಇಂಥ ಸಣ್ಣ ಘಟಕಕ್ಕೆ 'ಪಿಕೋ ಹೈಡ್ರೋ' ಎನ್ನುತ್ತಾರೆ. ಅದು ಪಿಕೋವ್ಯಾಟ್ ಅಲ್ಲ. 5 ಕಿಲೋವ್ಯಾಟಿಗಿಂತ ಸಣ್ಣ ಜಲವಿದ್ಯುತ್ ಘಟಕಕ್ಕೆ ಇಟ್ಟ ಹೆಸರು ಅಷ್ಟೇ. ಲೆಕ್ಕಕ್ಕೆ ತರಬೇಡಿ.

## ದೊಡ್ಡ ಸಂಖ್ಯೆಗಳು

ಪೇಪರಿನಲ್ಲಿ ಒಂದು ಕಡೆ ಮೆಗಾವ್ಯಾಟ್, ಇನ್ನೊಂದು ಕಡೆ ಗಿಗಾವ್ಯಾಟ್. ಹೋಲಿಸೋದು ಹೇಗೆ?

ಎಲ್ಲವನ್ನೂ ಒಂದೇ ಅಳತೆಗೆ ತನ್ನಿ. ಪಾವಗಡ ಸೋಲಾರ್ ಪಾರ್ಕ್ 2,050 ಮೆಗಾವ್ಯಾಟ್, ಅಂದರೆ 2.05 ಗಿಗಾವ್ಯಾಟ್. ರಾಯಚೂರು ಶಾಖೋತ್ಪನ್ನ ಕೇಂದ್ರ 1,720 ಮೆಗಾವ್ಯಾಟ್, 1.72 ಗಿಗಾವ್ಯಾಟ್. ಕೈಗಾ ಅಣುಸ್ಥಾವರ 220ರ ನಾಲ್ಕು ಘಟಕ ಸೇರಿ 880 ಮೆಗಾವ್ಯಾಟ್, 0.88 ಗಿಗಾವ್ಯಾಟ್. ನಮ್ಮ ಜಿಲ್ಲೆಯ ಭದ್ರಾ ವಿದ್ಯುದಾಗಾರದ 39 ಮೆಗಾವ್ಯಾಟ್ ಅಂದರೆ 0.039 ಗಿಗಾವ್ಯಾಟ್, ಇಲ್ಲವೇ 39,000 ಕಿಲೋವ್ಯಾಟ್.

ಇವೆಲ್ಲ ಸ್ಥಾಪಿತ ಸಾಮರ್ಥ್ಯ ಎಂಬುದು ತಲೆಯಲ್ಲಿರಲಿ. ಪಾವಗಡದ 2.05 ಗಿಗಾವ್ಯಾಟ್ ಮಧ್ಯಾಹ್ನದ ಮಾತು. ರಾತ್ರಿ ಸೊನ್ನೆ. ಕೈಗಾದ 0.88 ಹಗಲು ರಾತ್ರಿ ಎರಡಕ್ಕೂ ಹತ್ತಿರ ಹತ್ತಿರ ಅಷ್ಟೇ. ಅಳತೆ ಒಂದೇ ಮಾಡಿದ ಮಾತ್ರಕ್ಕೆ ಎರಡು ಸ್ಥಾವರಗಳು ಸಮ ಆಗುವುದಿಲ್ಲ.

1 ಮೆಗಾವ್ಯಾಟ್ ಇದ್ದರೆ ಎಷ್ಟು ಮನೆಗೆ ಸಾಕು?

ಯಾವ ಹೊತ್ತಿಗೆ ಕೇಳುತ್ತಿದ್ದೀರಿ ಎಂಬುದರ ಮೇಲಿದೆ. ತಿಂಗಳಿಗೆ 200 ಯೂನಿಟ್ ಬಳಸುವ ಮನೆಯ ಸರಾಸರಿ 278 ವ್ಯಾಟ್. 10,00,000 ÷ 278 = ಸುಮಾರು 3,600 ಮನೆ. ಆದರೆ ಬೆಳಗ್ಗೆ ಎಲ್ಲರೂ ಒಟ್ಟಿಗೆ 1 ಕಿಲೋವ್ಯಾಟ್ ಎಳೆದರೆ 1,000 ಮನೆಗೆ ಮಾತ್ರ ಸಾಕು. ಭಾಷಣಗಳಲ್ಲಿ ಮೊದಲ ಸಂಖ್ಯೆ ಬರುತ್ತದೆ. ಸಬ್‌ಸ್ಟೇಷನ್ ಕಟ್ಟುವವರು ನೋಡುವುದು ಎರಡನೆಯದನ್ನು.

'ಮಿಲಿಯನ್ ಯೂನಿಟ್' ಅಂತ ಸುದ್ದಿಯಲ್ಲಿ ಬರುತ್ತೆ. ಅದನ್ನು ಮೆಗಾವ್ಯಾಟ್ ಮಾಡೋದು ಹೇಗೆ?

ನೇರ ಆಗುವುದಿಲ್ಲ, ಎಷ್ಟು ಗಂಟೆಯದ್ದು ಎಂದು ಗೊತ್ತಿರಬೇಕು. ಒಂದು ಮಿಲಿಯನ್ ಯೂನಿಟ್ ಅಂದರೆ ಹತ್ತು ಲಕ್ಷ ಕಿಲೋವ್ಯಾಟ್ ಗಂಟೆ, ಅದು 1 ಗಿಗಾವ್ಯಾಟ್ ಗಂಟೆ. ಒಂದು ಸ್ಥಾವರ ದಿನಕ್ಕೆ 20 ಮಿಲಿಯನ್ ಯೂನಿಟ್ ಕೊಟ್ಟಿತು ಎಂದರೆ 20 ÷ 24 = 0.833 ಗಿಗಾವ್ಯಾಟ್. ಅಂದರೆ ಸರಾಸರಿ 833 ಮೆಗಾವ್ಯಾಟಿನಲ್ಲಿ ಓಡಿದೆ.

ವರ್ಷದ ಲೆಕ್ಕಕ್ಕೆ 8,760 ಗಂಟೆ. 1 ಮೆಗಾವ್ಯಾಟ್ ಒಂದು ನಿಮಿಷವೂ ನಿಲ್ಲದೆ ವರ್ಷವಿಡೀ ಓಡಿದರೆ 87.6 ಲಕ್ಷ ಯೂನಿಟ್.

ಆಲೂಗಡ್ಡೆ ಕೋಲ್ಡ್ ಸ್ಟೋರೇಜಿನವರು 'ಟನ್' ಅಂತಾರೆ. ಅದೂ ವ್ಯಾಟಿಗೆ ಬರುತ್ತಾ?

ಬರುತ್ತದೆ. ತಂಪು ಮಾಡುವ ಯಂತ್ರದ 1 ಟನ್ ಅಂದರೆ 3.517 ಕಿಲೋವ್ಯಾಟ್ ಶಾಖವನ್ನು ಹೊರಗೆ ಹಾಕುವ ಸಾಮರ್ಥ್ಯ. ಹಾಸನದ ಕಡೆಯ ಸ್ಟೋರೇಜ್ ಒಂದರಲ್ಲಿ 100 ಟನ್ ಯಂತ್ರ ಇದ್ದರೆ 352 ಕಿಲೋವ್ಯಾಟ್ ಶಾಖ. ಕಂಪ್ರೆಸರ್ ಲೈನಿನಿಂದ ಎಳೆಯುವ ಕಿಲೋವ್ಯಾಟ್ ಬೇರೆ, ಅದು ಇದಕ್ಕಿಂತ ಸಾಕಷ್ಟು ಕಡಿಮೆ. ಎರಡನ್ನೂ ಒಂದೇ ಎಂದುಕೊಂಡು ಟಿಸಿಗೆ ಅರ್ಜಿ ಹಾಕಿದರೆ ಬೇಕಿಲ್ಲದ ದೊಡ್ಡ ಟಿಸಿಗೆ ದುಡ್ಡು ಕಟ್ಟಬೇಕಾಗುತ್ತದೆ.

## ಸಣ್ಣ ಸಂಖ್ಯೆಗಳು

ರಿಮೋಟಿನಲ್ಲಿ ಆಫ್ ಮಾಡಿದ ಟಿವಿ ಎಷ್ಟು ತಿನ್ನುತ್ತೆ? ಮಿಲಿವ್ಯಾಟ್ ತಾನೇ, ಬಿಡಿ.

ಟಿವಿಯ ಮಟ್ಟಿಗೆ ನಿಮ್ಮ ಮಾತು ಸರಿ. ಹೊಸ ಟಿವಿ ಹಾಗೆ ನಿಂತಾಗ 500 ಮಿಲಿವ್ಯಾಟ್ ಆಸುಪಾಸು, ಅಂದರೆ 0.5 ವ್ಯಾಟ್. ವರ್ಷದ 8,760 ಗಂಟೆಗೆ 4,380 ವ್ಯಾಟ್ ಗಂಟೆ, 4.4 ಯೂನಿಟ್. ಸೆಟ್ ಟಾಪ್ ಬಾಕ್ಸ್ ಬೇರೆ ಕಥೆ. ಕೈ ಇಟ್ಟು ನೋಡಿ, ಬೆಚ್ಚಗಿರುತ್ತದೆ. 8 ವ್ಯಾಟ್ ಎಂದರೂ ವರ್ಷಕ್ಕೆ 70 ಯೂನಿಟ್. ಗೋಡೆಯ ಸ್ವಿಚ್ ಆರಿಸುವುದು ಇದಕ್ಕಾಗಿ.

ಫೋನಿನಲ್ಲಿ ಸಿಗ್ನಲ್ ಮೈನಸ್ 105 ಅಂತ ತೋರಿಸುತ್ತೆ. ಇದು ಯಾವ ಅಳತೆ?

ಡಿಬಿಎಂ. ಇದೂ ಶಕ್ತಿಯದ್ದೇ ಅಳತೆ, ಬರೆಯುವ ರೀತಿ ಬೇರೆ. 0 ಡಿಬಿಎಂ ಅಂದರೆ ಸರಿಯಾಗಿ 1 ಮಿಲಿವ್ಯಾಟ್. ಅಲ್ಲಿಂದ 10 ಇಳಿದರೆ ಹತ್ತನೇ ಒಂದು ಭಾಗ, 3 ಇಳಿದರೆ ಹತ್ತಿರ ಹತ್ತಿರ ಅರ್ಧ. ಏರಿದರೆ ಅದರ ತಿರುಗುಮುರುಗು: 30 ಡಿಬಿಎಂ ಅಂದರೆ 1 ವ್ಯಾಟ್.

ಮೈನಸ್ 30 ಅಂದರೆ 1 ಮೈಕ್ರೋವ್ಯಾಟ್. ಮೈನಸ್ 60 ಅಂದರೆ 1 ನ್ಯಾನೋವ್ಯಾಟ್. ಮೈನಸ್ 90 ಅಂದರೆ 1 ಪಿಕೋವ್ಯಾಟ್. ಪ್ರತಿ 30ಕ್ಕೆ ಒಂದು ಮೆಟ್ಟಿಲು, ಮೂರು ಸೊನ್ನೆ. ನಿಮ್ಮ ಮೈನಸ್ 105 ಅಂದರೆ ಸುಮಾರು 0.03 ಪಿಕೋವ್ಯಾಟ್. ಗುಡ್ಡದ ಮರೆಯ ಮನೆಗಳಲ್ಲಿ ಇದು ಮಾಮೂಲಿ. ನಿಮ್ಮ ಫೋನ್ ಟವರಿಗೆ ಕಳಿಸುವುದು ಹೆಚ್ಚೆಂದರೆ 23 ಡಿಬಿಎಂ, 200 ಮಿಲಿವ್ಯಾಟ್. ಸಿಗ್ನಲ್ ಕಡಿಮೆ ಇದ್ದಲ್ಲಿ ಫೋನ್ ಆ ಗರಿಷ್ಠಕ್ಕೇ ಏರಿ ಕೂಗುತ್ತದೆ. ಬ್ಯಾಟರಿ ಬೇಗ ಇಳಿಯುವುದಕ್ಕೆ ಅದೇ ಕಾರಣ.

ಫೈಬರ್ ಹುಡುಗ ಮೀಟರ್ ಇಟ್ಟು 'ಮೈನಸ್ 20, ಚೆನ್ನಾಗಿದೆ' ಅಂದ. ಮೈನಸ್ ಆದರೆ ಚೆನ್ನಾಗಿರೋದು ಹೇಗೆ?

ಇದೂ ಡಿಬಿಎಂ ಲೆಕ್ಕವೇ. ಮೈನಸ್ ಅಂದರೆ ನಷ್ಟ ಅಂತಲ್ಲ, 1 ಮಿಲಿವ್ಯಾಟಿಗಿಂತ ಕಡಿಮೆ ಅಂತ. ಮೈನಸ್ 20 ಅಂದರೆ 0.01 ಮಿಲಿವ್ಯಾಟ್, 10 ಮೈಕ್ರೋವ್ಯಾಟ್ ಬೆಳಕು. ಮನೆಯ ಇಂಟರ್ನೆಟ್ ಪೆಟ್ಟಿಗೆಗೆ ಅಷ್ಟು ಬೇಕಾದಷ್ಟಾಯಿತು. ಮೈನಸ್ 27ಕ್ಕೆ ಇಳಿದರೆ 2 ಮೈಕ್ರೋವ್ಯಾಟ್, ಸಾಮಾನ್ಯವಾಗಿ ಅದು ಅಂಚು. ಅದಕ್ಕೂ ಕೆಳಗೆ ಹೋದರೆ ಕೆಂಪು ದೀಪ ಮಿನುಗಲು ಶುರು. ಹಳೆಯ ಓದು ಮೈನಸ್ 20 ಇದ್ದು ಮಳೆ ಗಾಳಿಯ ಮರುದಿನ ಮೈನಸ್ 26 ಆಗಿದ್ದರೆ ಬೆಳಕು ಕಾಲು ಭಾಗಕ್ಕೆ ಇಳಿದಿದೆ. ಎಲ್ಲೋ ಕೊಂಬೆ ಬಿದ್ದು ತಂತಿ ಬಾಗಿರಬೇಕು. ದೂರು ಕೊಡುವಾಗ ಈ ಎರಡು ಸಂಖ್ಯೆ ಹೇಳಿ, ಕೆಲಸ ಬೇಗ ಆಗುತ್ತದೆ.

ಹಾಸನದ ಇಸ್ರೋ ಕೇಂದ್ರದವರು ಎಷ್ಟು ಸಣ್ಣ ಶಕ್ತಿ ಅಳೆಯುತ್ತಾರೆ?

ಹಾಸನದ ಮುಖ್ಯ ನಿಯಂತ್ರಣ ಕೇಂದ್ರ 1982ರಿಂದ ಇದೆ. ಭೂಸ್ಥಿರ ಉಪಗ್ರಹಗಳನ್ನು ಅಲ್ಲಿಂದ ನೋಡಿಕೊಳ್ಳುತ್ತಾರೆ. ಉಪಗ್ರಹ ಇರುವುದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅದರ ಸೋಲಾರ್ ರೆಕ್ಕೆಗಳು ಕಿಲೋವ್ಯಾಟ್ ಲೆಕ್ಕದಲ್ಲಿ ಶಕ್ತಿ ಕೊಡುತ್ತವೆ. ಆದರೆ ಕಳಿಸಿದ ಸಿಗ್ನಲ್ ಇಡೀ ದೇಶದ ಮೇಲೆ ಹರಡಿಕೊಳ್ಳುತ್ತದೆ. ನಿಮ್ಮ ಮನೆ ಮೇಲಿನ ಟಿವಿ ಡಿಶ್ಶಿಗೆ ಸಿಗುವುದು ಪಿಕೋವ್ಯಾಟಿನ ಆಸುಪಾಸು. ಕಿಲೋದಿಂದ ಪಿಕೋಗೆ ಐದು ಮೆಟ್ಟಿಲು, ಹದಿನೈದು ಸೊನ್ನೆ. ಫೋನಿಗೆ ದಾರಿ ತೋರಿಸುವ ಜಿಪಿಎಸ್ ಸಿಗ್ನಲ್ ಇನ್ನೂ ಸಣ್ಣದು: ಮೈನಸ್ 130 ಡಿಬಿಎಂ, 0.1 ಫೆಮ್ಟೋವ್ಯಾಟ್. ಅಷ್ಟರಲ್ಲೇ ನಿಮ್ಮ ಕಾರು ಚಾರ್ಮಾಡಿ ಘಾಟಿಯ ಯಾವ ತಿರುವಿನಲ್ಲಿದೆ ಎಂದು ಫೋನ್ ಹೇಳುತ್ತದೆ.

## ಇನ್ನೂ ಸ್ವಲ್ಪ ಆಳಕ್ಕೆ

30 ಡಿಬಿಎಂ ಎರಡು ಸೇರಿದರೆ 60 ಡಿಬಿಎಂ ಆಗಲ್ವಾ?

ಆಗುವುದಿಲ್ಲ. 30 ಡಿಬಿಎಂ ಅಂದರೆ 1 ವ್ಯಾಟ್. ಎರಡು ಸೇರಿದರೆ 2 ವ್ಯಾಟ್, ಅದು 33 ಡಿಬಿಎಂ. 60 ಡಿಬಿಎಂ ಅಂದರೆ 1 ಕಿಲೋವ್ಯಾಟ್. ಕೂಡುವುದಿದ್ದರೆ ಮೊದಲು ವ್ಯಾಟಿಗೆ ತನ್ನಿ, ಕೂಡಿ, ಆಮೇಲೆ ಬೇಕಾದರೆ ಡಿಬಿಎಂ ಮಾಡಿ.

ಚದರ ಮೀಟರಿಗೆ ವ್ಯಾಟ್ ಇರೋದನ್ನು ಚದರ ಸೆಂಟಿಮೀಟರಿಗೆ ಮಿಲಿವ್ಯಾಟ್ ಮಾಡಬೇಕು. ಉತ್ತರ ಯಾವಾಗಲೂ ತಪ್ಪುತ್ತೆ.

ಇಲ್ಲಿ ಎರಡು ಅಳತೆ ಒಟ್ಟಿಗೆ ಬದಲಾಗುತ್ತಿವೆ. ಮೇಲಿನದು ಸಾವಿರ ಪಟ್ಟು ಏರುತ್ತದೆ. ಕೆಳಗಿನದು ನೂರು ಪಟ್ಟು ಅಲ್ಲ, ಹತ್ತು ಸಾವಿರ ಪಟ್ಟು, ಯಾಕಂದರೆ ಉದ್ದವೂ 100, ಅಗಲವೂ 100. ಬಿಸಿಲಿನ 1,000 ವ್ಯಾಟ್ ಅಂದರೆ 10,00,000 ಮಿಲಿವ್ಯಾಟ್. ಅದನ್ನು 10,000ದಿಂದ ಭಾಗಿಸಿ: ಚದರ ಸೆಂಟಿಮೀಟರಿಗೆ 100 ಮಿಲಿವ್ಯಾಟ್. ಒಟ್ಟಾರೆ ಹತ್ತರಿಂದ ಭಾಗಿಸಿದಂತೆ. ಹತ್ತು ಸಾವಿರ ಬಂದರೆ ಚದರವನ್ನು ಮರೆತಿದ್ದೀರಿ.

5 ಎಚ್‌ಪಿಗೆ 3.73 ಕಿಲೋವ್ಯಾಟ್ ಅಂತ ಬರೆಯಬೇಕಾ, 3.7285 ಅಂತ ಬರೆಯಬೇಕಾ?

5 ಎಚ್‌ಪಿ ಎಂಬ ಸಂಖ್ಯೆಯೇ ಅಂದಾಜಿನದು. ಅದರಿಂದ ನಾಲ್ಕು ದಶಾಂಶದ ನಿಖರತೆ ಹುಟ್ಟುವುದಿಲ್ಲ. 3.7 ಸಾಕು, 3.73 ಧಾರಾಳ. ಅಳತೆ ಬದಲಿಸಿದಾಗಲೂ ಇದೇ ನಿಯಮ. ಸುಮಾರು 39 ಮೆಗಾವ್ಯಾಟನ್ನು 39,000 ಕಿಲೋವ್ಯಾಟ್ ಎಂದು ಬರೆದರೆ ಆ ಮೂರು ಸೊನ್ನೆಗಳನ್ನು ಯಾರೂ ಅಳೆದಿಲ್ಲ.

ಕ್ಯಾಲ್ಕುಲೇಟರ್ 3.5ಇ-7 ಅಂತ ತೋರಿಸಿತು. ಕೆಟ್ಟು ಹೋಯ್ತಾ?

ಇಲ್ಲ. ಇಂಗ್ಲಿಷಿನ ಇ ಅಕ್ಷರದ ಮುಂದಿನ ಸಂಖ್ಯೆ ಹತ್ತರ ಘಾತ. ಮೈನಸ್ 7 ಅಂದರೆ ಚುಕ್ಕಿಯನ್ನು ಏಳು ಮನೆ ಎಡಕ್ಕೆ ಸರಿಸಿ: 0.00000035. ಇದನ್ನು ಮೆಟ್ಟಿಲಿಗೆ ಹೊಂದಿಸಬೇಕಾದರೆ ಘಾತ ಮೂರರ ಮಗ್ಗಿಯಲ್ಲಿ ಬರಬೇಕು. ಮೈನಸ್ 7 ಮಗ್ಗಿಯಲ್ಲಿಲ್ಲ, ಮೈನಸ್ 9 ಇದೆ. ಎರಡು ಇಳಿಸಿದ್ದಕ್ಕೆ ಸಂಖ್ಯೆಯನ್ನು ನೂರರಿಂದ ಗುಣಿಸಿ: 350, ಘಾತ ಮೈನಸ್ 9. ಅಂದರೆ ಆ ಉತ್ತರ ವ್ಯಾಟಿನಲ್ಲಿ ಬಂದಿದ್ದರೆ ಅದು 350 ನ್ಯಾನೋವ್ಯಾಟ್. ಹೆಚ್ಚಿನ ಸೈಂಟಿಫಿಕ್ ಕ್ಯಾಲ್ಕುಲೇಟರುಗಳಲ್ಲಿ ಇಎನ್‌ಜಿ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿದರೆ ಘಾತ ತಾನಾಗಿಯೇ ಮೂರರ ಮಗ್ಗಿಗೆ ಬರುತ್ತದೆ.